ಹಸಿರು ಸ್ಟಾಂಪು ನೀಲಿಯಾದ ವರ್ಷ

ಗೋದಾಬಾಯಿ ತೀರಿಕೊಂಡ ಮೇಲೆ ಸಾಂಗಲಿ ಹತ್ತಿರದ ಮಾಧವನಗರದ ಆ ಎರಡು ಖೋಲಿಯ ಮನೆಯಲ್ಲಿ ಕನ್ನಡ ಮಾತಾಡಲು ಇನ್ನೊಬ್ಬರು ಉಳಿಯಲಿಲ್ಲ. ಉಳಿದವಳು ಮಗಳು ಮುಕ್ತಾ ಒಬ್ಬಳೇ. ಐವತ್ತೈದು ದಾಟಿದ್ದಳು. ಹರೆಯದಲ್ಲಿ ಎರಡು ಸಲ ಸಂಬಂಧದ ಮಾತು ನಡೆದು ಮುರಿದಿತ್ತು. ಆಮೇಲೆ ತಾಯಿಯ ಮೊಣಕಾಲು ಹಿಡಿಯಿತು, ಆಮೇಲೆ ಮದುವೆಯ ಮಾತನ್ನು ಯಾರೂ ತೆಗೆಯಲಿಲ್ಲ. ತಂದೆ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು, ಮಿಲ್ಲು ಮುಚ್ಚುವ ಮೊದಲೇ ಹೋಗಿಬಿಟ್ಟಿದ್ದ.

ಓಣಿಯಲ್ಲೆಲ್ಲ ಮರಾಠಿ, ಸಾಂಗಲಿಯ ಶಾಲೆಯಲ್ಲಿ ಮರಾಠಿ, ಹೋಗಿಬರುವ ಶೇರ್ ರಿಕ್ಷಾದಲ್ಲೂ ಮರಾಠಿ. ಮುಕ್ತಾಳಿಗೆ ಅದು ಪರಭಾಷೆ ಏನಲ್ಲ, ಆಡುತ್ತ ಬೆಳೆದದ್ದೇ. ಆದರೆ ಒಂದು ದಿನ ಒಗ್ಗರಣೆ ಸಿಡಿದು ಕೈ ಸುಟ್ಟಾಗ "ಅವ್ವಾ" ಎಂದಳು. ತನ್ನ ದನಿ ತನಗೇ ಬೇರೆಯವರದ್ದು ಎನಿಸಿತು. ಕೈಗೆ ತಣ್ಣೀರು ಬಿಟ್ಟುಕೊಳ್ಳುತ್ತ ಎಣಿಸಿ ನೋಡಿದಳು. ಬಾಯಿಂದ ಕನ್ನಡ ಹೊರಬಿದ್ದು ಹತ್ತೊಂಬತ್ತು ದಿನವಾಗಿತ್ತು.

ಸಾಂಗಲಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವಳು ಪ್ರಯೋಗಶಾಲೆಯ ಸಹಾಯಕಿ. ಇಪ್ಪತ್ತೊಂಬತ್ತು ವರ್ಷ ಗಾಜಿನ ನಳಿಕೆ ತೊಳೆದು, ಬಾಟಲಿಗಳಿಗೆ ಚೀಟಿ ಅಂಟಿಸಿ, ಟೀಚರು ಕೇಳಿದ ದ್ರಾವಣ ಕಲಸಿ ಕೊಟ್ಟವಳು. ಬಣ್ಣ ಹೇಗೆ ಬದಲಾಗುತ್ತದೆ ಎನ್ನುವುದು ಪಾಠ ಮಾಡುವವರಿಗಿಂತ ಅವಳಿಗೇ ಹೆಚ್ಚು ಗೊತ್ತಿತ್ತು. ಆ ಕಣ್ಣನ್ನೇ ಅವಳು ತಂದೆಯ ಸ್ಟಾಂಪುಗಳ ಮೇಲೂ ಇಟ್ಟಿದ್ದಳು. ಮಿಲ್ಲಿಗೆ ಬಂದ ಟಪಾಲಿನಿಂದ ತಂದೆ ಬಿಡಿಸಿ ತಂದ ಸ್ಟಾಂಪುಗಳು ನಾಲ್ಕು ಬೂಟಿನ ಪೆಟ್ಟಿಗೆ ತುಂಬ ಇದ್ದವು. ಬೇರೆ ಯಾರಾದರೂ ಆಗಿದ್ದರೆ ಕೆಟ್ಟದ್ದೆಂದು ಎಸೆಯುತ್ತಿದ್ದ ಸ್ಟಾಂಪುಗಳನ್ನೇ ಮುಕ್ತಾ ಬೇರೆ ಮಾಡಿ ಇಡುತ್ತಿದ್ದಳು: ಕಿತ್ತಳೆ ಇದ್ದದ್ದು ಕಂದಾದದ್ದು, ನೀರು ತಾಗಿ ನೇರಳೆ ಹೋಗಿ ಗುಲಾಬಿ ಉಳಿದದ್ದು, ಎಣ್ಣೆ ಹತ್ತಿ ಮಾಸಿದ್ದು. ಪ್ರತಿಯೊಂದರ ಹಿಂದೆ ಸಣ್ಣ ಕಾಗದದಲ್ಲಿ ಏನು ತಾಗಿ ಹೀಗಾಗಿರಬಹುದು ಎಂದು ಪೆನ್ಸಿಲಿನಿಂದ ಬರೆದಿಟ್ಟಿರುತ್ತಿದ್ದಳು. ಓದುವವರು ಯಾರೂ ಇರಲಿಲ್ಲ.

ಸಾಂಗಲಿಯಲ್ಲಿ ತಿಂಗಳ ಎರಡನೆಯ ರವಿವಾರ ಒಂದು ವಾಚನಾಲಯದ ಅಟ್ಟದ ಮೇಲೆ ಸ್ಟಾಂಪು ಕೂಡಿಸುವವರು ಸೇರುತ್ತಿದ್ದರು. ಅರಿಹಂತ ಎಂಬ ಅರಿಶಿನ ವ್ಯಾಪಾರಿ ಅದರ ಕಾರ್ಯದರ್ಶಿ. ಹತ್ತು ಹನ್ನೆರಡು ಗಂಡಸರು, ನಡುವೆ ಮುಕ್ತಾ ಒಬ್ಬಳು ಹೆಂಗಸು. ಅವರು ಮರ್ಯಾದೆಯಿಂದ ಕುರ್ಚಿ ಕೊಟ್ಟು ಆಮೇಲೆ ಮರೆತುಬಿಡುತ್ತಿದ್ದರು. ಹೀಗಿರುವಾಗ ಒಂದು ರವಿವಾರ ಬಿಳಿ ಸೀರೆಯ, ಎತ್ತರದ, ದಪ್ಪ ಕನ್ನಡಕದ ಹೆಂಗಸೊಬ್ಬಳು ಬಂದು ಕಿಡಕಿಯ ಪಕ್ಕ ಕುಳಿತಳು. ಆಲ್ಬಮ್ ತೆರೆದು ಒಂದು ಪುಟದ ಮೇಲೆ ಬಗ್ಗಿ, ತನ್ನಷ್ಟಕ್ಕೆ ತಾನೇ ಅಂದಳು:

"ಅಯ್ಯ ಶಿವನ, ಇದು ಕರ್ರಗ ಆಗಿ ಹಾಳಾತಲ್ಲ."

ಮುಕ್ತಾಳ ಕೈಯಲ್ಲಿದ್ದ ಚಿಮಟ ಮೇಜಿನ ಮೇಲೆ ಬಿತ್ತು. ಎದ್ದು ಅವಳ ಬಳಿ ಹೋಗಿ ನಿಂತಳು.

"ಹಾಳಾಗಿಲ್ರಿ ಅದು. ಮತ್ತ ಕಿತ್ತಳಿ ಮಾಡ್ಲಿಕ್ಕೆ ಬರ್ತದ."

ಹೆಂಗಸು ತಲೆ ಎತ್ತಿ ಮೊದಲು ಕನ್ನಡ ಕೇಳಿ ಬೆರಗಾದಳು, ಆಮೇಲೆ ಸ್ಟಾಂಪಿನ ಸುದ್ದಿಗೆ. "ನೀವು ನಮ್ಮವರಾ? ಕುಂದ್ರಿ, ಕುಂದ್ರಿ. ಹೆಂಗ ಬರತೈತಿ ಅದು?"

"ಗಟಾರದ ಗಾಳಿ, ಕೆಟ್ಟ ತತ್ತಿಯ ವಾಸನಿ ಇರ್ತದಲ್ಲ, ಅಂಥಾದ್ದು ತಾಗಿದ್ರ ಈ ಬಣ್ಣ ಹಿಂಗ ಕಪ್ಪಾಗ್ತದ. ಹೈಡ್ರೋಜನ್ ಪೆರಾಕ್ಸೈಡ್ ಒಂದೆರಡು ಹನಿ ಸಾಕ್ರಿ, ಹೊಳ್ಳಿ ಬರ್ತದ."

"ಪೆರಾಕ್ಸೈಡಾ? ನಲವತ್ತು ವರ್ಷ ಮಂದಿ ಗಾಯಕ್ಕ ಅದನ್ನ ಹಾಕೀನಿ ನಾ!" ಹೆಂಗಸು ಎಷ್ಟು ಗಟ್ಟಿಯಾಗಿ ನಕ್ಕಳೆಂದರೆ ಅರಿಹಂತ ತಿರುಗಿ ನೋಡಿದ.

ಅವಳು ಸರುಬಾಯಿ. ಮಿರಜದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ನಿವೃತ್ತಳಾದವಳು, ಊರು ರಾಯಬಾಗದ ಕಡೆ. ಗಂಡ ಮದುವೆಯಾದ ಮೂರನೆಯ ವರ್ಷಕ್ಕೇ ಬಿಟ್ಟುಹೋಗಿದ್ದ. ಆಸ್ಪತ್ರೆಯ ಡಾಕ್ಟರರಿಗೆ ಪರದೇಶದಿಂದ ಬರುತ್ತಿದ್ದ ಲಕೋಟೆಗಳನ್ನು ಬೇಡಿ ತೆಗೆದುಕೊಂಡು ಸ್ಟಾಂಪು ಕೂಡಿಸಿದ್ದಳು. ಮುಂದಿನ ರವಿವಾರ ಮುಕ್ತಾ ಒಂದು ಸಣ್ಣ ಬಾಟಲಿ, ಒತ್ತುಕಾಗದ ಹಿಡಿದು ಬಸ್ಸು ಹತ್ತಿ ಮಿರಜಕ್ಕೆ ಹೋದಳು. ಸರುಬಾಯಿಯ ಅಡುಗೆಮನೆಯಲ್ಲಿ ಚಹಾದ ಒಂದು ಬಸಿಯ ಮೇಲೆ ಆ ಕಪ್ಪು ಸ್ಟಾಂಪು ನೋಡನೋಡುತ್ತಿದ್ದಂತೆ ಅಂಚಿನಿಂದ ಕಿತ್ತಳೆಗೆ ತಿರುಗಿತು. ಸರುಬಾಯಿ ಎದ್ದುಹೋಗಿ ಉಪ್ಪಿಟ್ಟು ಮಾಡಿ ತಂದಳು.

ಅಂದಿನಿಂದ ರವಿವಾರ ಎಂದರೆ ಮಿರಜ. ಒಂದೂವರೆ ವರ್ಷ ಹಾಗೆ ನಡೆಯಿತು. ಮುಕ್ತಾ "ಅದ" ಎನ್ನುತ್ತಿದ್ದಳು, ಸರುಬಾಯಿ "ಐತಿ" ಎನ್ನುತ್ತಿದ್ದಳು. ಒಬ್ಬರ ಮಾತಿಗೆ ಒಬ್ಬರು ನಗುತ್ತಿದ್ದರು. ಸರುಬಾಯಿ ಮುಕ್ತಾಳಿಗೆ ಅಕ್ಕನಾದಳು, ಮುಕ್ತಾ ಸರುಬಾಯಿಗೆ ನೀನು ಆದಳು. ಸ್ಟಾಂಪು ನೆವ ಅಷ್ಟೇ ಆಗಿರುವ ರವಿವಾರಗಳೂ ಇದ್ದವು. ಮುಕ್ತಾ ತಾಯಿಯ ಬಗ್ಗೆ ಹೇಳುತ್ತಿದ್ದಳು, ಸರುಬಾಯಿ ರಾತ್ರಿಪಾಳಿಯಲ್ಲಿ ಕಣ್ಣೆದುರು ಸತ್ತವರ ಬಗ್ಗೆ. ವಾರದ ಉಳಿದ ಆರು ದಿನ ಮುಕ್ತಾ ಏನು ಕಂಡರೂ, ಇದನ್ನು ಅಕ್ಕನಿಗೆ ಹೇಗೆ ಹೇಳಲಿ ಎಂದು ಮನಸ್ಸಿನಲ್ಲೇ ಕನ್ನಡದಲ್ಲಿ ಜೋಡಿಸಿಕೊಳ್ಳುತ್ತಿದ್ದಳು.

ಆ ಮಾಘದ ಹೊತ್ತಿಗೆ ಸರುಬಾಯಿಯ ಕಣ್ಣು ಮಂಜಾಗತೊಡಗಿತು. ಮೋತಿಬಿಂದು, ಕಣ್ಣಿನ ಪೊರೆ. ಆಪರೇಶನ್ ಮಾಡಿಸಿಕೊಳ್ಳಿ ಎಂದರೆ ಒಲ್ಲೆ ಎಂದಳು. ಸಾವಿರಾರು ಮಂದಿಯನ್ನು ಆಪರೇಶನ್ ಖೋಲಿಗೆ ಕಳಿಸಿದವಳಿಗೆ ತಾನು ಆ ಮೇಜಿನ ಮೇಲೆ ಮಲಗುವ ಧೈರ್ಯವಿರಲಿಲ್ಲ. ಒಂದು ರವಿವಾರ ಆಲ್ಬಮ್ ಮುಚ್ಚಿಟ್ಟು ಹೇಳಿದಳು:

"ರಾಯಬಾಗದಾಗ ನಮ್ಮ ಅಣ್ಣನ ಮಗ ಭೂಷಣ ಕರೆಯಾಕತ್ಯಾನ. ಮಳಿಗಾಲಕ್ಕ ಮೊದಲ ಹೋಗಿಬಿಡ್ತೀನಿ ಅಂತ ಮಾಡೀನಿ. ಹಸರು ಯಾವುದು, ಕಂದು ಯಾವುದು ತಿಳಿಯವಲ್ದು ನನಗ. ಸ್ಟಾಂಪ್ ಕಾಣಸಂಗಿಲ್ಲ ಅಂದಮ್ಯಾಲ ಈ ಮಿರಜದಾಗ ಇನ್ನ ಏನೈತಿ?"

ಮುಕ್ತಾ ಚಹಾದ ಕಪ್ಪು ತೊಳೆದಿಟ್ಟು, ಬರುತ್ತೇನೆ ಎಂದು ಹೇಳಿ ಬಂದಳು. ಬಸ್ಸಿನಲ್ಲಿ ಕುಳಿತಾಗ ಆ ಕೊನೆಯ ಮಾತೊಂದೇ ತಿರುಗಿ ತಿರುಗಿ ಬರುತ್ತಿತ್ತು. ಇನ್ನೇನಿದೆ ಎಂದಿದ್ದಳು ಅಕ್ಕ. ನಾನಿದ್ದೇನಲ್ಲ ಎನ್ನಲು ಬಾಯಿ ಬಂದಿರಲಿಲ್ಲ.

ಶಾಲೆಯ ಪ್ರಯೋಗಶಾಲೆಯ ಕಿಡಕಿಯ ಎದುರು ಎಲೆಗಳ ಚಿತ್ರವಿದ್ದ ಒಂದು ಹಳೆಯ ತಕ್ತೆ ತೂಗುಹಾಕಿತ್ತು. ವರ್ಷಗಟ್ಟಲೆ ಬಿಸಿಲು ಬಿದ್ದು ಅದರ ಎಲೆಗಳೆಲ್ಲ ನೀಲಿಯಾಗಿದ್ದವು. ಹಸಿರೆಂದರೆ ಹಳದಿ ಮತ್ತು ನೀಲಿ ಕೂಡಿದ್ದು, ಎಷ್ಟೋ ಮಸಿಗಳಲ್ಲಿ ಹಳದಿ ಬಿಸಿಲನ್ನು ತಡೆಯುವುದಿಲ್ಲ, ಅದು ಹಾರಿಹೋದರೆ ನೀಲಿ ಉಳಿಯುತ್ತದೆ. ಇದು ಮುಕ್ತಾಳಿಗೆ ಹೊಸ ಸಂಗತಿ ಅಲ್ಲ. ಆದರೆ ಆ ಸೋಮವಾರ ಅವಳು ತಕ್ತೆಯ ಮುಂದೆ ಬಹಳ ಹೊತ್ತು ನಿಂತಳು.

ತಂದೆಯ ಪೆಟ್ಟಿಗೆಯಿಂದ ಹಡಗಿನ ಚಿತ್ರವಿದ್ದ ಒಂದು ಹಸಿರು ಸ್ಟಾಂಪು ತೆಗೆದಳು. ಪರದೇಶದ್ದು, ಅಗ್ಗದ್ದು, ಅಂಥವು ಏಳೆಂಟಿದ್ದವು. ಎರಡು ಗಾಜಿನ ತುಂಡುಗಳ ನಡುವೆ ಇಟ್ಟು ಮಾಳಿಗೆಯ ಮೇಲೆ ಬಿಸಿಲಿಗೆ ಒಡ್ಡಿದಳು. ಬರೀ ಪ್ರಯೋಗ ಎಂದು ತನಗೆ ತಾನೇ ಹೇಳಿಕೊಂಡಳು. ಸಾಂಗಲಿಯ ಚೈತ್ರದ ಬಿಸಿಲು ಎಂದರೆ ಸುಮ್ಮನೆ ಅಲ್ಲ. ಐದು ವಾರಕ್ಕೆ ಹಸಿರು ಪೂರ್ತಿ ಹೋಗಿ, ಹಡಗು ನೀಲಿ ನೀರಿನ ಮೇಲೆ ನೀಲಿಯಾಗಿ ನಿಂತಿತು. ಕಾಗದ ಹಳದಿಯಾಗಿರಲಿಲ್ಲ, ಅಂಚು ಮುರುಟಿರಲಿಲ್ಲ. ಅಷ್ಟು ಒಪ್ಪವಾಗಿ ಅವಳು ಶಾಲೆಗಾಗಿಯೂ ಯಾವ ಪ್ರಯೋಗವನ್ನೂ ಮಾಡಿರಲಿಲ್ಲ.

ಮುಂದಿನ ರವಿವಾರ ಒಂದು ಗಂಟು ಬಿಡಿ ಸ್ಟಾಂಪು ಒಯ್ದು ಸರುಬಾಯಿಯ ಮುಂದೆ ಸುರಿದಳು. "ಅರಿಹಂತ ಶೇಠರು ಕೊಟ್ಟಾರ್ರಿ, ಆರಿಸೋಣ ಬರ್ರಿ" ಎಂದಳು. ಸರುಬಾಯಿ ಬೇಸರದಿಂದಲೇ ಕೂತು, ಭೂತಗನ್ನಡಿ ಹಿಡಿದು ಒಂದೊಂದನ್ನೇ ಕಣ್ಣಿನ ಹತ್ತಿರ ತಂದಳು. ಅರ್ಧ ತಾಸಾದ ಮೇಲೆ ಅವಳ ಕೈ ನಿಂತಿತು.

"ಮುಕ್ತಾ, ಈ ಹಡಗಿಂದು ಹಸರು ಇರತೈತಿ ಹೌದಲ್ಲ? ನನ್ನ ಆಲ್ಬಮ್‌ನ್ಯಾಗ ಒಂದೈತಿ. ಇದು ಹಂಗಿಲ್ಲ. ನನ್ನ ಕಣ್ಣ ಸುಳ್ಳು ಹೇಳತೈತೋ ಏನು? ನೋಡ ನೀ."

ಮುಕ್ತಾ ನೋಡಿದಳು. "ನೀಲಿ ಅದ್ರಿ" ಎಂದಳು. ಅಷ್ಟೇ. ಆ ಎರಡು ಮಾತಿನಲ್ಲಿ ಸುಳ್ಳು ಏನೂ ಇರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಹೇಳಿಕೊಂಡಳು, ಸಮಾಧಾನವಾಗಲಿಲ್ಲ.

ಸರುಬಾಯಿ ಬದಲಾದಳು. ಅಚ್ಚು ಹಾಕುವಾಗ ಹಳದಿ ಮಸಿ ಬೀಳದೆ ತಪ್ಪಿಹೋದರೆ ಹಸಿರು ಸ್ಟಾಂಪು ನೀಲಿಯಾಗಿ ಬರುತ್ತದೆ, ಅಂಥದ್ದು ಬಲು ಅಪರೂಪ ಎಂದು ಅರಿಹಂತನನ್ನು ಕೇಳಿ ತಿಳಿದುಕೊಂಡಳು. ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಭೂಷಣನಿಗೆ ಫೋನ್ ಮಾಡಿ ಈಗ ಬರಲಾರೆ, ಕೆಲಸವಿದೆ ಎಂದಳು. ಆಮೇಲೆ ಒಂದು ದಿನ ತಾನಾಗಿಯೇ ಕಣ್ಣಿನ ಡಾಕ್ಟರರ ಬಳಿ ಹೋಗಿ ತಾರೀಖು ಹಿಡಿದು ಬಂದಳು. "ಅದನ್ನ ಸರಿಯಾಗಿ ನೋಡದ ಸಾಯಾಂಗಿಲ್ಲ ನಾ" ಎಂದಳು.

ಆಪರೇಶನ್ ದಿನ ಮುಕ್ತಾ ಶಾಲೆಗೆ ರಜೆ ಹಾಕಿ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು. ಪಟ್ಟಿ ಬಿಚ್ಚಿದ ಮೇಲೆ ಸರುಬಾಯಿ ಆಲ್ಬಮ್ ತರಿಸಿಕೊಂಡು ಆ ಪುಟ ತೆರೆದಳು. "ಅಬಾಬಾ, ಎಷ್ಟ ನೀಲಿ ಐತಿ ಇದು" ಎಂದು ಮುಕ್ತಾಳ ಕೈ ಹಿಡಿದುಕೊಂಡಳು. ಮುಕ್ತಾಳಿಗೆ ಕೈ ಬಿಡಿಸಿಕೊಂಡು ಓಡಿಹೋಗಬೇಕೆನಿಸಿತು.

ಎಂಟು ತಿಂಗಳು ಹೀಗೆ ಹೋದವು. ಬೇಕಾದದ್ದೆಲ್ಲ ಸಿಕ್ಕಿತ್ತು: ಸರುಬಾಯಿ ಮಿರಜ ಬಿಟ್ಟಿರಲಿಲ್ಲ, ರವಿವಾರ ತಪ್ಪಿರಲಿಲ್ಲ, ಮಾತೂ ಇತ್ತು. ಆದರೆ ಮಾತು ಯಾವ ದಾರಿಯಲ್ಲಿ ಹೋದರೂ ಆ ಸ್ಟಾಂಪಿಗೇ ಬಂದು ನಿಲ್ಲುತ್ತಿತ್ತು. ಆಗ ಮುಕ್ತಾ ಹೂಂಗುಡುತ್ತ ಕೂಡುತ್ತಿದ್ದಳು. ಮೊದಲಿನಂತೆ ವಾರವಿಡೀ ಮನಸ್ಸಿನಲ್ಲಿ ಮಾತು ಜೋಡಿಸುವುದೂ ನಿಂತಿತು. ಜೋಡಿಸಿದರೆ ಒಂದೇ ಮಾತು ಬರುತ್ತಿತ್ತು, ಅದನ್ನು ಹೇಳುವ ಹಾಗಿರಲಿಲ್ಲ. ಎದುರಿಗೆ ಅಕ್ಕ ಕುಳಿತಿರುವಾಗಲೇ ಮಾಧವನಗರದ ಮನೆಯಲ್ಲಿ ಒಬ್ಬಳೇ ಇದ್ದುದಕ್ಕಿಂತ ಹೆಚ್ಚು ಒಬ್ಬಳಾದ ಹಾಗೆ ಅನಿಸುತ್ತಿತ್ತು.

ಕೊಲ್ಹಾಪುರದಲ್ಲಿ ಸ್ಟಾಂಪುಗಳ ಪ್ರದರ್ಶನವಿತ್ತು. ಅರಿಹಂತ ಸರುಬಾಯಿಯ ಹೆಸರು ಕೊಟ್ಟಿದ್ದ. "ನಾನು ಅರಿಶಿನ ನೋಡಿ ಇದು ಎಲ್ಲಿಯದು ಅಂತ ಹೇಳಬಲ್ಲೆ, ಇದನ್ನು ಹೇಳಲಾರೆ. ಅಲ್ಲಿ ತಿಳಿದವರು ಇರ್ತಾರೆ, ನೋಡಲಿ" ಎಂದು ಅವನು ಮರಾಠಿಯಲ್ಲಿ ಹೇಳಿದ್ದ. ಕಳಿಸುವ ಹಿಂದಿನ ರವಿವಾರ ಮುಕ್ತಾ ಹೋದಾಗ ಸರುಬಾಯಿ ಮೇಜಿನ ಮೇಲೆ ಬಿಳಿ ಕಾರ್ಡು ಇಟ್ಟುಕೊಂಡು, ಅಕ್ಷರ ಕೆಡಬಾರದೆಂದು ಪೆನ್ಸಿಲಿನಿಂದ ಗೆರೆ ಹಾಕಿ ತನ್ನ ಹೆಸರು ಬರೆಯುತ್ತಿದ್ದಳು.

ಮುಕ್ತಾ ಚಪ್ಪಲಿ ಬಿಟ್ಟು ಒಳಗೆ ಬಂದವಳು ಕುಳಿತುಕೊಳ್ಳಲಿಲ್ಲ.

"ಅಕ್ಕಾರ, ಅದನ್ನ ಕಳಸಬ್ಯಾಡ್ರಿ."

"ಯಾಕ?"

"ಅದು ತಪ್ಪಿ ಅಚ್ಚಾದದ್ದಲ್ರಿ. ಹಸಿರೇ ಇತ್ತು. ನಾನೇ ಬಿಸಲಿಗೆ ಇಟ್ಟಿದ್ದೆ."

ಸರುಬಾಯಿ ಪೆನ್ನಿನ ಮುಚ್ಚಳ ಹಾಕಿದಳು. "ಎಷ್ಟ ದಿನ?"

"ಐದು ವಾರ."

"ಗಂಟಿನ್ಯಾಗ ನೀನ ಹಾಕಿದಿ?"

"ಹೌದ್ರಿ."

"ಅಂದ್ರ ನಾ ಅದನ್ನ ಆರಿಸಿ ತಗಿಯೂ ಮುಂದ ನೀ ನನ್ನ ಮಾರಿ ನೋಡಕೋತ ಕುಂತಿದ್ದಿ."

ಮುಕ್ತಾ ಅಳತೊಡಗಿದಳು. "ನಗಬೇಕಂತ ಮಾಡ್ಲಿಲ್ರಿ ನಾ."

"ನಕ್ಕಿದ್ರ ಚೊಲೊ ಇತ್ತು. ಕರುಣಾ ಬಂದಿತ್ತಲ್ಲ ನಿನಗ? ಮುದುಕಿ, ಕಣ್ಣ ಹೋಗ್ಯಾವ, ಒಂದ ಆಟಿಗಿ ಕೊಡೂಣು ಅಂತ. ನಲವತ್ತು ವರ್ಷ ಮಂದಿಗೆ ಕರುಣಾ ಹಂಚೀನಿ ನಾ, ಮುಕ್ತಾ. ಅದು ಇಸಗೊಳ್ಳಾವ್ರಿಗೆ ಹೆಂಗ ಹತ್ತತೈತಿ ಅಂತ ನನಗ ಗೊತ್ತೈತಿ."

"ಕರುಣಾ ಅಲ್ರಿ. ನೀವು ರಾಯಬಾಗಕ್ಕ ಹೋಗ್ತೀರಿ ಅಂತ ಅಂಜಿದ್ದೆ."

"ಹಂಗಿದ್ರ ಹೋಗಬ್ಯಾಡ್ರಿ ಅಂತ ಬಾಯಿಬಿಟ್ಟು ಅನಬೇಕಾಗಿತ್ತು."

"ಅನ್ಲಿಕ್ಕೆ ನಾ ಯಾರ್ರಿ ನಿಮಗ?"

ಹೊರಗೆ ಯಾರೋ ಗಾಡಿಯಲ್ಲಿ ದ್ರಾಕ್ಷಿ ಕೂಗುತ್ತ ಹೋದರು. ಸರುಬಾಯಿ ಕಾರ್ಡನ್ನು ಎರಡಾಗಿ ಮಡಚಿ ಮೇಜಿನ ಅಂಚಿಗೆ ಸರಿಸಿದಳು.

"ಕಣ್ಣ ಬಂತು. ಅದು ಡಾಕ್ಟರ್ ಕೊಟ್ಟದ್ದು. ಅದನ್ನ ನಿನ್ನ ಉಪಕಾರ ಅಂತ ತಿಳಕೋಬ್ಯಾಡ."

ಆಮೇಲೆ ಗೋಡೆಯ ಗಡಿಯಾರ ನೋಡಿ, ಬೇರೆ ಯಾರಿಗೋ ಹೇಳುವ ದನಿಯಲ್ಲಿ ಅಂದಳು: "ತುಮಚೀ ಬಸ್ ಚುಕೇಲ್."

ನಿಮ್ಮ ಬಸ್ಸು ತಪ್ಪೀತು ಎಂದು. ಅವರಿಬ್ಬರ ನಡುವೆ ಬಂದ ಮೊದಲನೆಯ ಮರಾಠಿ ಮಾತು ಅದು. ಅದರಲ್ಲಿ ನೀನು ಹೋಗಿ ನೀವು ಆಗಿತ್ತು.

ಆ ತಿಂಗಳ ಎರಡನೆಯ ರವಿವಾರ ವಾಚನಾಲಯದ ಅಟ್ಟದ ಮೇಲೆ ಸರುಬಾಯಿ ಎದ್ದು ನಿಂತು, ನನ್ನ ಸ್ಟಾಂಪು ಬಿಸಿಲಿಗೆ ಬಣ್ಣ ಹೋದದ್ದು, ನಾನು ತಪ್ಪು ತಿಳಿದಿದ್ದೆ, ಹೆಸರು ತೆಗೆಯಿರಿ ಎಂದಳು. ಯಾರು ಮಾಡಿದ್ದು ಎಂಬ ಮಾತೇ ಎತ್ತಲಿಲ್ಲ. ಯಾರೋ ಒಬ್ಬರು ನಕ್ಕರು. ಅರಿಹಂತ, ಇಂಥದ್ದು ಎಲ್ಲರಿಗೂ ಆಗುತ್ತದೆ ಎಂದ. ಮೂರು ಕುರ್ಚಿಯಾಚೆ ಕುಳಿತ ಮುಕ್ತಾ ಎದ್ದು ನಾನೇ ಎನ್ನಬೇಕೆಂದು ಮೇಜು ಹಿಡಿದಳು. ಸರುಬಾಯಿ ಅವಳತ್ತ ಒಂದು ಸಲ ನೋಡಿದಳು, ವಾರ್ಡಿನಲ್ಲಿ ಏಳಲು ಹೊರಟ ರೋಗಿಯನ್ನು ನೋಡುವ ಹಾಗೆ. ಮುಕ್ತಾ ಕುಳಿತೇಬಿಟ್ಟಳು. ಆ ಮಾತು ಅಲ್ಲಿಗೇ ಮುಗಿಯಿತು. ಸರುಬಾಯಿ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಆಲ್ಬಮ್ಮುಗಳನ್ನು ರಾಯಬಾಗದ ಒಂದು ಶಾಲೆಗೆ ಕೊಟ್ಟಳೆಂದು ಆಮೇಲೆ ಗೊತ್ತಾಯಿತು.

ಅಲ್ಲಿಂದ ಬೇಸಿಗೆಯವರೆಗೆ ಮುಕ್ತಾ ರವಿವಾರಗಳನ್ನು ಹೇಗೆ ಕಳೆದಳೆಂದು ಅವಳಿಗೇ ನೆನಪಿಲ್ಲ. ಅರಿವೆ ಒಗೆಯುತ್ತಿದ್ದಳು. ಒಗೆದದ್ದನ್ನೇ ಮತ್ತೆ ಹಿಂಡಿ ಹಾಕುತ್ತಿದ್ದಳು. ಒಂದು ಸಲ ಪಕ್ಕದ ಹಳ್ಳಿ ಬುಧಗಾಂವದ ವರೆಗೆ ಕಾಲುನಡಿಗೆಯಲ್ಲಿ ಹೋಗಿ, ಅಲ್ಲಿ ಮಾಡುವುದೇನೂ ಇಲ್ಲದೆ ಬಸ್ಸು ಹಿಡಿದು ತಿರುಗಿ ಬಂದಳು. ಎರಡು ಸಲ ಸರುಬಾಯಿಗೆ ಫೋನ್ ಹಚ್ಚಿ, ರಿಂಗಾಗುವ ಮೊದಲೇ ಇಟ್ಟುಬಿಟ್ಟಳು. ಮೇ ತಿಂಗಳಲ್ಲಿ ನಿವೃತ್ತಿಯಾಯಿತು. ಶಾಲು, ತೆಂಗಿನಕಾಯಿ ಕೊಟ್ಟು, ನಮ್ಮ ಮುಕ್ತಾ ಅವರು ಒಂದು ನಳಿಕೆಯನ್ನೂ ಒಡೆದವರಲ್ಲ ಎಂದು ಮುಖ್ಯಾಧ್ಯಾಪಕಿ ಭಾಷಣ ಮಾಡಿದರು. ಅದು ನಿಜವಲ್ಲ, ಬಹಳ ಒಡೆದಿದ್ದಳು. ಚಪ್ಪಾಳೆಯಾಯಿತು. ಮನೆಗೆ ಬಂದು ತೆಂಗಿನಕಾಯಿ ದೇವರ ಮುಂದೆ ಇಟ್ಟಾಗ, ಇದನ್ನೆಲ್ಲ ಹೇಳಿಕೊಳ್ಳಲು ತನಗೆ ಯಾರಿದ್ದಾರೆ ಎಂದು ನೋಡಿಕೊಂಡಳು. ಒಬ್ಬಳೇ ಒಬ್ಬಳ ಮುಖ ಬಂತು.

ಮರುದಿನ ರವಿವಾರವಲ್ಲ, ಆದರೂ ಮಿರಜದ ಬಸ್ಸು ಹತ್ತಿದಳು.

ಬಾಗಿಲು ತೆರೆದ ಸರುಬಾಯಿ ಒಂದು ಕ್ಷಣ ನಿಂತು, "ಯಾ, ಬಸಾ" ಎಂದಳು. ಬನ್ನಿ, ಕೂಡ್ರಿ ಎಂದು ಮರಾಠಿಯಲ್ಲಿ ಪರಕೀಯರಿಗೆ ಹೇಳುವ ಮಾತು. ಚಹಾ ಕೊಟ್ಟಳು. ಮುಕ್ತಾ ಕನ್ನಡದಲ್ಲಿ ಕೇಳಿದಳು, ಸರುಬಾಯಿ ಮರಾಠಿಯಲ್ಲಿ ಉತ್ತರ ಕೊಟ್ಟಳು. ಆರೋಗ್ಯ, ಬಿಸಿಲು, ನೀರಿನ ಟ್ಯಾಂಕರು. ಹತ್ತು ನಿಮಿಷದಲ್ಲಿ ಮಾತು ಮುಗಿಯಿತು. ಹೋಗುವಾಗ ಇನ್ನು ಬರಬೇಡಿ ಎನ್ನಲಿಲ್ಲ ಎನ್ನುವುದೊಂದನ್ನೇ ಹಿಡಿದುಕೊಂಡು ಮುಕ್ತಾ ಹದಿನೈದು ದಿನಕ್ಕೆ ಮತ್ತೆ ಹೋದಳು. ಆಮೇಲೆ ಮತ್ತೊಂದು ಸಲ. ಕ್ಷಮೆ ಕೇಳಲಿಲ್ಲ, ಕೇಳಿದರೆ ಸರುಬಾಯಿ ಎದ್ದು ಒಳಗೆ ಹೋಗುತ್ತಾಳೆಂದು ಗೊತ್ತಿತ್ತು. ಒಂದು ಸಲ ಅವಳು ಶೇಂಗಾ ಸುಲಿಯುತ್ತಿದ್ದಳು, ಮುಕ್ತಾ ಎದುರಿಗೆ ಕೂತು ತಾನೂ ಸುಲಿದಳು.

ಶ್ರಾವಣದಲ್ಲಿ ಹೋದ ದಿನ ಸರುಬಾಯಿಗೆ ಮೈ ಹಗುರವಿತ್ತೇನೋ, ಮತ್ತೆ ಕಾಳು ಸುಲಿಯುತ್ತ ಕುಳಿತು ಹಳೆಯ ಪಾಳಿಯ ಕಥೆ ಒಂದನ್ನು ತೆಗೆದಳು, ಮರಾಠಿಯಲ್ಲೇ. ಜತ್ತದ ಕಡೆಯ ಗುರುಬಸಪ್ಪ ಎಂಬ ಮುದುಕ ಕಾಲು ಮುರಿದುಕೊಂಡು ಬಂದಿದ್ದ. ಪ್ಲಾಸ್ಟರ್ ಹಾಕಿದರೆ ಬಿಚ್ಚಿರಿ ಎಂದು ಗದ್ದಲ ಮಾಡುತ್ತಿದ್ದ. ಅವನಿಗೆ ಮರಾಠಿ ಬರುತ್ತಿರಲಿಲ್ಲ. ಅವನ ಮಾತು ಹೇಳುವಾಗ ಕನ್ನಡವೇ ಬರಬೇಕಲ್ಲ.

"'ಯವ್ವಾ, ನನ್ನ ಕಾಲಿಗಿ ಗ್ವಾಡಿ ಕಟ್ಯಾರ, ಬಾಗಲಾ ಇಟ್ಟಿಲ್ಲ' ಅಂದ ನೋಡ. ನಂಗ ನಗೂ ತಡಿಲಿಲ್ಲ. ಡಾಕ್ಟರು ಏನಂದಾ ಏನಂದಾ ಅಂತ ಕೇಳತಾರ, ನಾ ಹೆಂಗ ಹೇಳಲಿ ಅವ್ರಿಗೆ? ಆಮ್ಯಾಲ ಮುದುಕ ಹೋಗೂ ದಿನ ನನ್ನ ಕೈಯಾಗ ಒಂದ ಹಿಡಿ ಶೇಂಗಾ ಇಟ್ಟು..."

ತಾನು ಕನ್ನಡಕ್ಕೆ ಹೊರಳಿದ್ದು ಅಲ್ಲಿಗೆ ಅವಳಿಗೆ ಗೊತ್ತಾಯಿತು. ಕಾಳಿನ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡು, ಉಳಿದ ಕಥೆಯನ್ನು ಎರಡೇ ವಾಕ್ಯದಲ್ಲಿ ಮರಾಠಿಯಲ್ಲಿ ಮುಗಿಸಿದಳು. ಮುಕ್ತಾ ಗೊತ್ತಾಗದವಳಂತೆ ತಲೆ ಬಗ್ಗಿಸಿ ಸಿಪ್ಪೆ ಕೂಡಿಸಿದಳು. ಹೊರಡುವಾಗ ಸರುಬಾಯಿ, ಬರುವ ಮೊದಲು ಫೋನ್ ಮಾಡಿ ಬರಬೇಕು, ಸುಮ್ಮನೆ ಬಸ್ಸಿಗೆ ದಂಡ ಯಾಕೆ ಎಂದಳು.

ಈಗ ಮುಕ್ತಾ ಫೋನ್ ಮಾಡಿಯೇ ಹೋಗುತ್ತಾಳೆ. ತಿಂಗಳಿಗೆ ಒಂದು ಸಲ, ಮಳೆ ಜೋರಿದ್ದರೆ ಅದೂ ಇಲ್ಲ. ಉಳಿದ ದಿನಗಳಲ್ಲಿ ಮಾಧವನಗರದ ಮನೆ ಇದ್ದ ಹಾಗೇ ಇದೆ. ಅವಳು ಸಂಜೆ ದೀಪ ಹಚ್ಚಿ, ಒಬ್ಬಳೇ ಉಂಡು, ತಾಟು ತೊಳೆದಿಟ್ಟು ಮಲಗುತ್ತಾಳೆ. ಫೋನಿನಲ್ಲಿ "ನಾಳೆ ಬರ್ಲೇನ್ರಿ?" ಎಂದು ಕೇಳುತ್ತಾಳೆ. ಸರುಬಾಯಿ ಕೆಲವು ಸಲ ಮರಾಠಿಯಲ್ಲಿ "ಯಾ" ಎನ್ನುತ್ತಾಳೆ, ಕೆಲವು ಸಲ "ಬಾ" ಎನ್ನುತ್ತಾಳೆ. ಯಾವುದು ಬರುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ.